ಲೆಕ್ಕ ಮೊದಲು ಕೈಗೆ ಬರಲಿ

ಮೂರೂವರೆ ವರ್ಷದ ಮಗು ಒಂದರಿಂದ ಇಪ್ಪತ್ತರವರೆಗೆ ಗಡಗಡ ಹೇಳಿದರೆ ಮನೆಯವರಿಗೆಲ್ಲ ಖುಷಿ. ಅದೇ ಮಗುವಿನ ಮುಂದೆ ಏಳು ಹುಣಸೆ ಬೀಜ ಇಟ್ಟು ಎಣಿಸು ಅನ್ನಿ. ಬಾಯಿ ಒಂಬತ್ತು ಅಂದಿರುತ್ತದೆ, ಬೆರಳು ಇನ್ನೂ ಐದನೇ ಬೀಜದ ಮೇಲಿರುತ್ತದೆ. ಬಾಯಿಪಾಠ ಬೇರೆ, ಎಣಿಕೆ ಬೇರೆ. ಒಂದೊಂದು ಬೀಜವನ್ನೂ ಪಕ್ಕದ ಬಟ್ಟಲಿಗೆ ಹಾಕುತ್ತಾ ಎಣಿಸಲು ಹೇಳಿ, ಬಾಯಿ ತಾನಾಗಿ ನಿಧಾನ ಆಗುತ್ತದೆ. ಕೊನೆಗೆ "ಒಟ್ಟು ಎಷ್ಟಾಯ್ತು?" ಅಂತ ಕೇಳುವುದನ್ನು ಮರೆಯಬೇಡಿ. ಮತ್ತೆ ಮೊದಲಿಂದ ಎಣಿಸದೆ "ಏಳು" ಅಂದರೆ ವಿಷಯ ತಲೆಗೆ ಹೋಗಿದೆ ಅಂತ ತಿಳಿಯಿರಿ.

ಇದಕ್ಕೆ ದುಡ್ಡು ಕೊಟ್ಟು ಆಟಿಕೆ ತರಬೇಕಿಲ್ಲ. ನಮ್ಮ ಕೊಡಗಿನ ಮನೆಗಳಲ್ಲಿ ಕಡಂಬುಟ್ಟು, ಅಂದರೆ ಅಕ್ಕಿ ತರಿಯ ಕಡುಬಿನ ಉಂಡೆ, ಮಾಡುವ ದಿನವೇ ಸಾಕು. ಹಿಟ್ಟು ಕೈಗೆ ಹಿತವಾಗುವಷ್ಟು ಆರಲಿ. ಮಗುವಿನ ಅಂಗೈಗೆ ಒಂಚೂರು ತುಪ್ಪ ಸವರಿ ಉಂಡೆ ಕಟ್ಟಲು ಬಿಡಿ. ಅದು ಕಟ್ಟಿದ್ದರಲ್ಲಿ ಒಂದು ನಿಂಬೆ ಗಾತ್ರ, ಇನ್ನೊಂದು ನೆಲ್ಲಿಕಾಯಿ ಗಾತ್ರ ಆಗುತ್ತದೆ. ಆಗಲಿ ಬಿಡಿ, ದೊಡ್ಡದು ಯಾವುದು, ಚಿಕ್ಕದು ಯಾವುದು ಅಂತ ಸಾಲಾಗಿ ಜೋಡಿಸುವುದೂ ಗಣಿತವೇ ಅಲ್ವಾ? ಊಟದ ಹೊತ್ತಿಗೆ ಅದರ ಕೈಲೇ ತಟ್ಟೆ ಹಾಕಿಸಿ, ಒಬ್ಬರಿಗೆ ಒಂದು. ತಟ್ಟೆಗೆ ಎರಡೆರಡು ಕಡಂಬುಟ್ಟು. ಅಜ್ಜನ ತಟ್ಟೆಗೆ ಸಾಲದೆ ಬಂದರೆ ನೀವು ಉತ್ತರ ಹೇಳಬೇಡಿ. ಎಷ್ಟು ಕಡಿಮೆ ಬಿತ್ತು ಅಂತ ಅದೇ ಹುಡುಕಲಿ.

ಇನ್ನೊಂದು ಮಾಡಿ ನೋಡಿ. ಐದು ಬೀಜ ಒತ್ತಾಗಿ, ಕೆಳಗೆ ಐದು ಬೀಜ ದೂರದೂರ ಇಡಿ. ನಾಲ್ಕು ವರ್ಷದ ಮಗು ಉದ್ದದ ಸಾಲಿನಲ್ಲೇ ಜಾಸ್ತಿ ಇದೆ ಅನ್ನುವುದುಂಟು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ಈ ಯೋಚನೆಯನ್ನು ಚೆನ್ನಾಗಿ ಗಮನಿಸಿ ಬರೆದಿದ್ದಾರೆ. ಸಾಮಾನ್ಯವಾಗಿ ಆರೇಳು ವರ್ಷದ ಹೊತ್ತಿಗೆ ಅದು ಸರಿಹೋಗುತ್ತದೆ. ದಯವಿಟ್ಟು ಮಗುವನ್ನು ದಡ್ಡ ಅನ್ನಬೇಡಿ. ಮೇಲಿನ ಒಂದಕ್ಕೆ ಕೆಳಗಿನ ಒಂದನ್ನು ಜೋಡಿ ಮಾಡಿಸಿ, ಅಷ್ಟೇ.

ಕಾಫಿ ಕುಯ್ಲಿನ ಕಾಲದಲ್ಲಿ ಹಣ್ಣು ಹಿಚುಕಿ ತೋರಿಸಿ. ಒಳಗೆ ಎರಡು ಬೇಳೆ. ಎರಡು ಹಣ್ಣಿಗೆ ಎಷ್ಟು, ಮೂರಕ್ಕೆ ಎಷ್ಟು ಅಂತ ಊಹೆ ಮಾಡಿಸಿ ಆಮೇಲೆ ಬಿಡಿಸಿ. ಅಪರೂಪಕ್ಕೆ ಒಂದೇ ದುಂಡು ಬೇಳೆಯ ಪೀಬೆರಿ ಸಿಕ್ಕರೆ ಲೆಕ್ಕ ತಪ್ಪುತ್ತದೆ, ಮಗುವಿಗೆ ಅದೇ ದೊಡ್ಡ ಸಂಭ್ರಮ. ಕಿತ್ತಳೆಯ ತೊಳೆಗೂ ಹೀಗೇ, ಮೊದಲು ಊಹೆ, ಆಮೇಲೆ ಸುಲಿಯುವುದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಬೀಜ, ಕಾಳು ಕೊಡಲೇಬೇಡಿ, ಮೂಗಿಗೋ ಗಂಟಲಿಗೋ ಸೇರಿಸಿಕೊಳ್ಳುತ್ತಾರೆ. ಅವರಿಗೆ ಚಮಚ, ಲೋಟ ಸಾಕು. ಗುಲಗಂಜಿ ನೋಡಲು ಚೆಂದ, ಆದರೆ ಅಗಿದರೆ ವಿಷ. ಅಳಗುಳಿಮಣೆಗೂ ಅದು ಬೇಡ, ಹುಣಸೆ ಬೀಜವೇ ಇರಲಿ.

ಮಳೆಗಾಲದಲ್ಲಿ ಮಕ್ಕಳು ಒಳಗೇ ಕೂತು ಬೇಸರ ಪಡುತ್ತಾರೆ. ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದು ಮಳೆ ಇಂಚು, ಸೆಂಟಿನಲ್ಲಿ ಅಳೆದು ಬರೆಯುತ್ತಾರಲ್ಲ, ಒಂದು ಇಂಚಿಗೆ ನೂರು ಸೆಂಟು, ಆ ಕೆಲಸಕ್ಕೆ ಮಗುವನ್ನೂ ಕರೆಯಿರಿ. ಅಳೆಯುವ ಸಾಧನ ಇಲ್ಲದಿದ್ದರೆ ಬುಡದಿಂದ ಬಾಯಿವರೆಗೆ ಒಂದೇ ಅಗಲದ ಗಾಜಿನ ಭರಣಿ ಅಂಗಳದಲ್ಲಿಡಿ. ದಿನಾ ನೀರಿನ ಮಟ್ಟದಷ್ಟು ಉದ್ದಕ್ಕೆ ಕಾಗದದ ಪಟ್ಟಿ ಕತ್ತರಿಸಿ ಗೋಡೆಗೆ ಅಂಟಿಸಿ, ಆಮೇಲೆ ನೀರು ಚೆಲ್ಲಿ ಭರಣಿಯನ್ನು ಮತ್ತೆ ಅಲ್ಲೇ ಇಡಿ. ವಾರ ಕಳೆದ ಮೇಲೆ ಯಾವ ದಿನ ಜಾಸ್ತಿ ಮಳೆ, ಯಾವ ದಿನ ಕಡಿಮೆ ಅಂತ ಮಗುವನ್ನೇ ಕೇಳಿ.