ಕೊಡಲಿಗೆ ಕಾವು, ಬೇಲಿಗೆ ಕವೆಗೋಲು

ಮುಳ್ಳಿನ ಬೇಲಿ ಕಟ್ಟಲು ಕವೆಗೋಲು ಬೇಕೆಂದರೆ ಬಡಿಗೇರರ ಮನೆಗೆ ಹೋಗಬೇಕಿಲ್ಲ. ಆಳಂದ ಕಡೆಯ ನಮ್ಮ ಹೊಲದ ಬದುವಿನಲ್ಲಿ ಬೇವಿನ ಮರವಿದೆ. ಅದರ ಕೆಳಗೆ ನಿಂತು ಕತ್ತೆತ್ತಿದರೆ ಸಾಕು, ಕವಲೊಡೆದ ಕೊಂಬೆ ಕಣ್ಣಿಗೆ ಬೀಳುತ್ತದೆ. ಎದೆಯುದ್ದ ಕಡಿದು, ಕವಲನ್ನು ಗೇಣಷ್ಟು ಉಳಿಸಿ, ಸಿಪ್ಪೆ ಸುಲಿಯಿರಿ. ಜಾಲಿ ಮುಳ್ಳನ್ನು ದೂಡಲು, ಒತ್ತಿ ಹಿಡಿಯಲು ಇದಕ್ಕಿಂತ ಒಳ್ಳೆಯದು ಅಂಗಡಿಯಲ್ಲಿಲ್ಲ.

ಕೊಡಲಿಯ ಕಾವು ಅಷ್ಟು ಸಲೀಸಲ್ಲ. ನನಗೆ ಜಾಲಿಯೇ ಮೆಚ್ಚು. ಗಟ್ಟಿ, ಪೆಟ್ಟು ತಾಳುತ್ತದೆ. ತೋಳುಗಾತ್ರದ ಕೊಂಬೆಯನ್ನು ಮೊದಲು ಉದ್ದಕ್ಕೆ ಸೀಳಿ ನೋಡಿ. ಸೀಳು ನೆಟ್ಟಗೆ ಹೋದರೆ ಇಟ್ಟುಕೊಳ್ಳಿ, ಹಗ್ಗದಂತೆ ತಿರುಚಿಕೊಂಡು ಹೋದರೆ ಒಲೆಗೆ ಹಾಕಿ. ನಡುವಿನ ತಿರುಳು ಕಾವಿನೊಳಗೆ ಉಳಿಯಬಾರದು, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಇನ್ನು ಒಣಗಿಸುವುದು. ಕಲಬುರಗಿಯ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಹಸಿ ಕಟ್ಟಿಗೆಯನ್ನು ಆ ಬಿಸಿಲಿಗೆ ಇಟ್ಟರೆ ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಹಸಿಯೇ ಇರುತ್ತದೆ, ಕೊನೆಗೆ ಸೀಳುತ್ತದೆ. ಚಳಿಗಾಲದಲ್ಲೇ ಕಡಿದು, ನೀರು ಬೇಗ ಹೊರಹೋಗುವ ಎರಡೂ ತುದಿಗಳಿಗೆ ಮೇಣವನ್ನೋ ಸಗಣಿಯನ್ನೋ ಮೆತ್ತಿ, ನೆರಳಲ್ಲಿ ಗಾಳಿಯಾಡುವಂತೆ ಇಡಿ. ಕಾರ ಹುಣ್ಣಿಮೆಯ ಹೊತ್ತಿಗೆ ಹದಕ್ಕೆ ಬಂದಿರುತ್ತದೆ.

ನಾನೂ ಒಮ್ಮೆ ಅವಸರಪಟ್ಟಿದ್ದೆ. ಹಸಿ ಕಾವನ್ನೇ ಹಾಕಿದೆ. ಹದಿನೈದು ದಿನಕ್ಕೆ ಕಾವು ಕುಗ್ಗಿ, ಬೀಸಿದಾಗ ಕೊಡಲಿ ಹಾರಿ ಎತ್ತಿನ ಕಾಲಿನ ಹತ್ತಿರ ಬಿತ್ತು. ಆ ರಾತ್ರಿ ನಮ್ಮ ಅಣ್ಣನಿಂದ ತಿಂದ ಬೈಗುಳ ಈಗಲೂ ಕಿವಿಯಲ್ಲಿದೆ. ಸಡಿಲಾದ ಕೊಡಲಿಯನ್ನು ನೀರಲ್ಲಿ ನೆನೆಹಾಕುವವರಿದ್ದಾರೆ. ಅಂದಿಗೆ ಬಿಗಿಯಾಗುತ್ತದೆ, ನಿಜ. ಉಬ್ಬಿದ ನಾರು ಕಬ್ಬಿಣಕ್ಕೆ ಒತ್ತಿ ಜಜ್ಜಿಹೋಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಅದರ ಬದಲು ಕಾವಿನ ತುದಿಯಲ್ಲಿ ಗರಗಸದಿಂದ ಸೀಳು ಕೊಟ್ಟು, ಚೆನ್ನಾಗಿ ಒಣಗಿದ ಜಾಲಿಯ ಬೆಣೆ ಬಡಿಯಿರಿ.

ಕಳೆ ತೆಗೆಯುವ ಖುರ್ಪಿಯ ಹಿಡಿಯೂ ಹೀಗೆಯೇ, ಚಿಕ್ಕದು ಅಷ್ಟೆ. ಒಡೆದ ಗಾಜಿನ ಚೂರಿನ ಅಂಚಿನಿಂದ ಕೆರೆದರೆ ಮೈ ನುಣುಪಾಗುತ್ತದೆ. ಬೆರಳಿಗೆ ಬಟ್ಟೆ ಸುತ್ತಿಕೊಳ್ಳಿ. ಅಡುಗೆಯ ಸೌಟು ಮಾಡುವವರು ಕಣಗಿಲೆಯನ್ನು ಮಾತ್ರ ಮುಟ್ಟಬೇಡಿ, ಅದರ ಕಟ್ಟಿಗೆಯೂ ವಿಷ.

ಕೊನೆಗೆ ಹಿಡಿಕೆಗೆ ಅಗಸೆ ಎಣ್ಣೆ ತೆಳ್ಳಗೆ ಸವರಿ, ಹೀರಿಕೊಳ್ಳದ್ದನ್ನು ಒರೆಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಈ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ತಂತಿಯ ಮೇಲೆ ಹರವಿ ಒಣಗಿಸಿ.