ಉಳಿದ ಉಲ್ಲನ್ ಚೂರಿನಿಂದ ಸಿಂಬೆ, ಮಸಿಬಟ್ಟೆ, ಕೌದಿ

ಸ್ವೆಟರ್ ಮುಗಿದ ಮೇಲೆ ಅರ್ಧ ಉಂಡೆ ಉಳಿಯುತ್ತದೆ. ಮಗುವಿನ ಟೋಪಿ ಮುಗಿದ ಮೇಲೆ ಇನ್ನಷ್ಟು. ಬಾಗಿಲ ತೋರಣಕ್ಕೆ ತಂದ ಹಸಿರು, ಗಣಪತಿ ಹಾರಕ್ಕೆ ತಂದ ಕೆಂಪು, ಟೇಬಲ್ ಕ್ಲಾತ್ ಹಾಕಿ ಮಿಕ್ಕ ಬಿಳಿ ಕಾಟನ್ ದಾರ, ಎಲ್ಲ ಒಂದು ಚೀಲಕ್ಕೆ ಸೇರಿ ಬೀರುವಿನ ಮೇಲೆ ಕೂತಿರುತ್ತದೆ. ಎಸೆಯಲು ಮನಸ್ಸು ಬರುವುದಿಲ್ಲ. ಏನು ಮಾಡುವುದೆಂದೂ ತೋಚುವುದಿಲ್ಲ.

ಆ ಚೀಲ ಕೆಳಗಿಳಿಸಿ. ಆದರೆ ಬಣ್ಣ ನೋಡಿ ವಿಂಗಡಿಸಲು ಹೋಗಬೇಡಿ, ಬಣ್ಣ ಆಮೇಲೆ. ಮೊದಲು ನೋಡಬೇಕಾದ್ದು ನೂಲು ಯಾವುದರದ್ದು ಅನ್ನುವುದನ್ನು. ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಉಳಿದ ಉಲ್ಲನ್‌ನಲ್ಲಿ ಚೆಂದದ ಮಸಿಬಟ್ಟೆ ಹೆಣೆದು ಅತ್ತಿಗೆಗೆ ಕೊಟ್ಟಿದ್ದೆ. ಅವರು ಅದರಲ್ಲಿ ಕಾದ ದೋಸೆ ಕಾವಲಿ ಹಿಡಿದರು. ಉಲ್ಲನ್ ಕರಗಿ ಕಾವಲಿಗೆ ಅಂಟಿತು. ಅವರು ತಟ್ಟನೆ ಕೈಬಿಟ್ಟಿದ್ದರಿಂದ ಬೆರಳು ಉಳಿಯಿತು.

ಅಂಗಡಿಯಲ್ಲಿ ಉಲ್ಲನ್ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವುದು ಕುರಿಯ ಉಣ್ಣೆ ಅಲ್ಲ, ಅಕ್ರಿಲಿಕ್. ಅದು ಒಂದು ಬಗೆಯ ಪ್ಲಾಸ್ಟಿಕ್. ಮೆತ್ತಗಿರುತ್ತದೆ, ಬಣ್ಣ ಬಿಡುವುದಿಲ್ಲ, ಬೇಗ ಒಣಗುತ್ತದೆ. ಆದರೆ ಬಿಸಿ ತಡೆಯುವುದಿಲ್ಲ.

ಲೇಬಲ್ ಕಳೆದುಹೋಗಿದ್ದರೆ ಸುಟ್ಟು ನೋಡಿ. ಎರಡು ಇಂಚಿನ ತುಂಡನ್ನು ಇಕ್ಕಳದಲ್ಲಿ ಹಿಡಿದು, ಸಿಂಕ್ ಮೇಲೆ ನಿಂತು, ತುದಿಗೆ ಬೆಂಕಿ ತಾಗಿಸಿ. ಕಾಗದ ಸುಟ್ಟ ವಾಸನೆ ಬಂದು ಮೆತ್ತಗಿನ ಬೂದಿ ಉಳಿದರೆ ಕಾಟನ್. ಕೂದಲು ಸುಟ್ಟ ವಾಸನೆ ಬಂದು, ಮುಟ್ಟಿದರೆ ಪುಡಿಯಾದರೆ ಉಣ್ಣೆ. ಕರಗಿ, ಕಪ್ಪು ಹೊಗೆ ಬಿಟ್ಟು, ತುದಿಯಲ್ಲಿ ಗಟ್ಟಿ ಮಣಿಯಂತೆ ನಿಂತರೆ ಅಕ್ರಿಲಿಕ್. ಆ ಮಣಿಯನ್ನು ಕೂಡಲೇ ಮುಟ್ಟಬೇಡಿ, ಸುಡುತ್ತದೆ.

ಈಗ ಕಾಟನ್ ಒಂದು ಕಡೆ, ಅಕ್ರಿಲಿಕ್ ಒಂದು ಕಡೆ ಇಡಿ. ಒಲೆಯ ಹತ್ತಿರ ಇರುವುದಕ್ಕೆಲ್ಲ ಕಾಟನ್ ಮಾತ್ರ.

ಸಿಂಬೆ: ಚೂರುಗಳಿಗೆ ಹೇಳಿ ಮಾಡಿಸಿದ್ದು

ತಲೆ ಮೇಲೆ ಬಿಂದಿಗೆ ಹೊರುವಾಗ ಕೆಳಗಿಡುವ ಸಿಂಬೆ ಗೊತ್ತಲ್ಲ? ಈಗ ಬಿಂದಿಗೆ ಹೊರುವವರು ಕಡಿಮೆ. ಆದರೆ ತಳ ದುಂಡಗಿರುವ ಬಾಣಲೆ, ಮಣ್ಣಿನ ಗಡಿಗೆ ಊಟದ ಟೇಬಲ್ ಮೇಲೆ ಅಲುಗಾಡದೆ ನಿಲ್ಲಬೇಕಾದರೆ ಸಿಂಬೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಚೂರು ನೂಲಿಗೆ ನಾನು ಮೊದಲು ಹೇಳಿಕೊಡುವುದೂ ಇದನ್ನೇ. ಕ್ರೋಶಾದಲ್ಲಿ, ಅಂದರೆ ಕೊಕ್ಕೆ ಕಡ್ಡಿಯ ಹೆಣಿಗೆಯಲ್ಲಿ, ಒಂದೇ ಒಂದು ಸ್ಟಿಚ್ ಬಂದರೆ ಸಾಕು.

ಒಳಗಿನ ತಿರುಳಿಗೆ ಹಳೆಯ ಕಾಟನ್ ಸೀರೆ ಬೇಕು. ಎರಡು ಇಂಚು ಅಗಲದ ಪಟ್ಟಿಗಳನ್ನು ಹರಿದು ಹಗ್ಗದಂತೆ ಹುರಿ ಮಾಡಿ. ಅದನ್ನು ನಾಲ್ಕು ಇಂಚಿನ ತೂತು ಉಳಿಯುವಂತೆ ಸುತ್ತುತ್ತಾ ಹೋಗಿ. ಹೀಗೆ ಸುತ್ತಿದ ಬಳೆ ಹೆಬ್ಬೆರಳಿನಷ್ಟು ದಪ್ಪವಾದ ಮೇಲೆ ನಾಲ್ಕು ಕಡೆ ದಾರದಿಂದ ಬಿಗಿದು ಕಟ್ಟಿ.

ಕ್ರೋಶಾ ಕಾಟನ್ ದಾರ ತೆಳುವಾಗಿದ್ದರೆ 2–3 ಎಳೆ ಸೇರಿಸಿ ಹಿಡಿಯಿರಿ. ಎಳೆಗಳು ಬೇರೆ ಬೇರೆ ಬಣ್ಣದವಾದರೆ ಇನ್ನೂ ಚೆಂದ. ಕಡ್ಡಿ 3 ಮಿ.ಮೀ. ಇರಲಿ. ಮೊದಲ ಕುಣಿಕೆ ಹಾಕಿಕೊಂಡು ಕಡ್ಡಿಯನ್ನು ಬಳೆಯ ತೂತಿನೊಳಗೆ ತೂರಿಸಿ. ಹಿಂದಿರುವ ನೂಲನ್ನು ಕೊಕ್ಕೆಯಲ್ಲಿ ಹಿಡಿದು ತೂತಿನಿಂದ ಈಚೆಗೆ ತನ್ನಿ, ಬಳೆಯ ಹೊರ ಅಂಚಿನ ತನಕ ಎಳೆಯಿರಿ. ಕಡ್ಡಿಯ ಮೇಲೆ ಈಗ ಎರಡು ಕುಣಿಕೆ ಇವೆ. ಬಳೆಯ ಮೇಲಿಂದ ಮತ್ತೆ ನೂಲು ಹಿಡಿದು ಎರಡರಿಂದಲೂ ಒಟ್ಟಿಗೆ ಹೊರಗೆಳೆಯಿರಿ. ಇದೇ ಸಿಂಗಲ್ ಕ್ರೋಶಾ. ಹೀಗೇ ಪಕ್ಕಪಕ್ಕದಲ್ಲಿ ಹಾಕುತ್ತಾ ಹೋಗಿ. ಹತ್ತು ಹಾಕಿದ ಮೇಲೆ ಬೆರಳಿನಿಂದ ಹಿಂದಕ್ಕೆ ಒತ್ತಿ, ಸೀರೆ ಇಣುಕಬಾರದು.

ನೂಲು ಮುಗಿಯುತ್ತಾ ಬಂತಾ? ಗಂಟು ಹಾಕಬೇಡಿ. ನಾಲ್ಕು ಇಂಚು ಬಾಕಿ ಇರುವಾಗ, ಕೊನೆಯ ಸ್ಟಿಚ್‌ನಲ್ಲಿ ಎರಡು ಕುಣಿಕೆಯಿಂದ ಹೊರಗೆಳೆಯುವ ಹೊತ್ತಿಗೆ ಹೊಸ ಬಣ್ಣವನ್ನು ಹಿಡಿದು ಎಳೆಯಿರಿ. ಹಳೆಯದರ ಬಾಲ, ಹೊಸದರ ಬಾಲ ಎರಡನ್ನೂ ಬಳೆಯ ಮೇಲೆ ಮಲಗಿಸಿ. ಮುಂದಿನ ಸ್ಟಿಚ್‌ಗಳು ಅವನ್ನು ಮುಚ್ಚಿಕೊಳ್ಳುತ್ತವೆ. ಸೂಜಿ ಹಿಡಿದು ಬಾಲ ಸೇರಿಸುವ ಕೆಲಸವೇ ಇಲ್ಲ. ಒಂದು ಮಾರು ನೂಲಿಗೆ ಸುಮಾರು 15 ಸ್ಟಿಚ್ ಬರುತ್ತದೆ. ಅಂದರೆ ಬೇರೆ ಯಾವುದಕ್ಕೂ ಆಗದ ತುಂಡು ಕೂಡ ಇಲ್ಲಿ ಒಂದು ಪಟ್ಟೆ ಆಗುತ್ತದೆ.

ಸುತ್ತು ಪೂರ್ತಿಯಾದ ಮೇಲೆ ಮೊದಲ ಸ್ಟಿಚ್‌ಗೆ ಜೋಡಿಸಿ ಕತ್ತರಿಸಿ.

ಮಸಿಬಟ್ಟೆ

ಇದೂ ಕಾಟನ್. ಕಡ್ಡಿಯ ಮೇಲಿನ ಕುಣಿಕೆಯಿಂದ ನೂಲನ್ನು ಒಮ್ಮೆ ಹೊರಗೆಳೆದರೆ ಒಂದು ಚೈನ್. ಬೇಕಾದಷ್ಟು ಚೈನ್ ಹಾಕಿ, ಏಳು ಇಂಚು ಅಗಲ ಬಂದಾಗ ಇನ್ನೊಂದು ಚೈನ್ ಹಾಕಿ ತಿರುಗಿ. ಕಡ್ಡಿಯಿಂದ ಎರಡನೆಯ ಚೈನ್‌ನಿಂದ ಶುರು ಮಾಡಿ ಸಾಲು ಪೂರ್ತಿ ಸಿಂಗಲ್ ಕ್ರೋಶಾ. ಸಾಲಿನ ಕೊನೆಗೆ ಒಂದು ಚೈನ್, ತಿರುಗಿ, ಮತ್ತೆ ಸಾಲು. ಚೌಕ ಆಗುವ ತನಕ ಅಷ್ಟೇ. ಡಬಲ್ ಕ್ರೋಶಾ (ಮೊದಲು ಕಡ್ಡಿಗೆ ಒಮ್ಮೆ ನೂಲು ಸುತ್ತಿಕೊಂಡು ತೂರಿಸಿ, ನೂಲು ಈಚೆಗೆ ತಂದು, ಎರಡೆರಡು ಕುಣಿಕೆಯಿಂದ ಎರಡು ಸಲ ಎಳೆಯುವ ಎತ್ತರದ ಸ್ಟಿಚ್) ಬೇಗ ಬೆಳೆಯುತ್ತದೆ ನಿಜ, ಆದರೆ ಅದರ ತೂತುಗಳಲ್ಲಿ ಬಿಸಿ ಸೀದಾ ಕೈಗೆ ಬರುತ್ತದೆ.

ಹೊಸಬರಿಗೆ ಚೌಕ ಹೋಗಿ ತ್ರಿಕೋನ ಆಗುವುದು ಜಾಸ್ತಿ. ಸಾಲಿನ ಕೊನೆಯ ಸ್ಟಿಚ್ ತಪ್ಪಿಹೋಗುವುದೇ ಕಾರಣ. ಮೊದಲ ಐದಾರು ಸಾಲು ಎಣಿಸಿಯೇ ಹಾಕಿ.

ಇಂಥ ಎರಡು ಚೌಕ ಮಾಡಿ, ನಡುವೆ ಹಳೆಯ ಟವೆಲ್ ತುಂಡು ಇಟ್ಟು, ಸುತ್ತ ಸಿಂಗಲ್ ಕ್ರೋಶಾದಿಂದ ಜೋಡಿಸಿ. ಮೂಲೆಯಲ್ಲಿ ಒಂದೇ ಜಾಗಕ್ಕೆ ಮೂರು ಸ್ಟಿಚ್ ಹಾಕಿದರೆ ಅಂಚು ಮುದುಡುವುದಿಲ್ಲ. ಕೊನೆಗೆ 12 ಚೈನ್ ಹಾಕಿ ಅಲ್ಲೇ ಜೋಡಿಸಿದರೆ ಮೊಳೆಗೆ ನೇತುಹಾಕಲು ಕುಣಿಕೆ ಸಿದ್ಧ. ಒಂದು ಮಾತು: ಒದ್ದೆಯಾದ ಮಸಿಬಟ್ಟೆಯಲ್ಲಿ ಬಿಸಿ ಪಾತ್ರೆ ಹಿಡಿಯಬೇಡಿ. ನೀರು ಬಿಸಿಯನ್ನು ಬೇಗ ಕೈಗೆ ದಾಟಿಸುತ್ತದೆ. ಅದಕ್ಕೇ ಎರಡು ಮಾಡಿಡಿ.

ಅಕ್ರಿಲಿಕ್ ಏನಾಗಬೇಕು?

ಸ್ವಲ್ಪವೇ ಇದ್ದರೆ ಪಾತ್ರೆ ಉಜ್ಜುವ ಚೌಕ. 4 ಮಿ.ಮೀ. ಕಡ್ಡಿ, 19 ಚೈನ್, ಪ್ರತಿ ಸಾಲಿಗೆ 18 ಸಿಂಗಲ್ ಕ್ರೋಶಾ, ಸುಮಾರು 20 ಸಾಲು. ನಾನ್‌ಸ್ಟಿಕ್ ಪಾತ್ರೆಗೆ ಗೀರು ಬೀಳುವುದಿಲ್ಲ. ಉಜ್ಜಿ ಉಜ್ಜಿ ಎಳೆ ಏಳತೊಡಗಿದರೆ ಬದಲಾಯಿಸಿ, ಪ್ಲಾಸ್ಟಿಕ್ ಎಳೆ ಚರಂಡಿಗೆ ಹೋಗುವುದು ಬೇಡ.

ಜಾಸ್ತಿ ಇದ್ದರೆ ಕೌದಿಗೆ ಕೈ ಹಾಕಿ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹಳೆ ಬಟ್ಟೆಯ ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಕ್ರೋಶಾದ್ದು ಉಲ್ಟಾ. ಪ್ರತಿ ಚೌಕವೂ ನಡುವಿನಿಂದ ಹೊರಕ್ಕೆ ಬೆಳೆಯುತ್ತದೆ.

ನಾಲ್ಕು ಚೈನ್ ಜೋಡಿಸಿ ಉಂಗುರ ಮಾಡಿ. ಮೂರು ಚೈನ್ ಹಾಕಿ, ಇದು ಮೊದಲ ಡಬಲ್ ಕ್ರೋಶಾದ ಲೆಕ್ಕ. ಉಂಗುರದೊಳಗೆ ಇನ್ನೆರಡು ಡಬಲ್ ಕ್ರೋಶಾ, ಆಮೇಲೆ ಎರಡು ಚೈನ್. ಮತ್ತೆ ಮೂರು ಡಬಲ್, ಎರಡು ಚೈನ್. ಹೀಗೆ ನಾಲ್ಕು ಗುಂಪಾದಾಗ ಶುರುವಿಗೆ ಜೋಡಿಸಿ. ಎರಡು ಚೈನ್‌ನ ಸಂದುಗಳೇ ನಾಲ್ಕು ಮೂಲೆ. ಮುಂದಿನ ಸುತ್ತಿನಿಂದ ಪ್ರತಿ ಮೂಲೆಗೆ ಮೂರು ಡಬಲ್, ಎರಡು ಚೈನ್, ಮೂರು ಡಬಲ್. ಪಕ್ಕದ ಸಂದುಗಳಿಗೆ ಮೂರು ಮೂರು ಡಬಲ್. (ನಾನು ಹೇಳುತ್ತಿರುವುದು ಅಮೆರಿಕದ ಹೆಸರುಗಳು, ಯೂಟ್ಯೂಬ್‌ನಲ್ಲಿ ಜಾಸ್ತಿ ಇರುವುದು ಇವೇ. ಬ್ರಿಟಿಷ್ ಪುಸ್ತಕದಲ್ಲಿ ಇದೇ ಸಿಂಗಲ್‌ಗೆ ಡಬಲ್ ಅನ್ನುತ್ತಾರೆ, ಡಬಲ್‌ಗೆ ಟ್ರೆಬಲ್.)

ಉಳಿದ ನೂಲು ಒಂದು ಸುತ್ತಿಗೆ ಸಾಲುತ್ತದಾ? ಹತ್ತು ಸ್ಟಿಚ್ ಹಾಕಿ, ಗುರುತು ಮಾಡಿ, ಬಿಚ್ಚಿ ಅಳೆಯಿರಿ. ಸುತ್ತಿನಲ್ಲಿ ಎಷ್ಟು ಹತ್ತುಗಳಿವೆ ಅಂತ ಲೆಕ್ಕ ಹಾಕಿ. ಮುಕ್ಕಾಲು ಸುತ್ತು ಹಾಕಿ ಬಿಚ್ಚುವ ಸಂಕಟ ತಪ್ಪುತ್ತದೆ.

ಒಳಗಿನ ಸುತ್ತುಗಳಿಗೆ ಯಾವ ಬಣ್ಣ ಕೈಗೆ ಬಂದರೂ ಹಾಕಿ. ಹೊಂದುತ್ತದಾ ಅಂತ ಯೋಚಿಸಬೇಡಿ. ಆದರೆ ಎಲ್ಲ ಚೌಕಗಳ ಕೊನೆಯ ಸುತ್ತು ಒಂದೇ ಬಣ್ಣದ್ದಾಗಿರಲಿ. ಕಪ್ಪು ಅಥವಾ ಕುಂಕುಮದ ಬಣ್ಣಕ್ಕೆ ಮಾತ್ರ ಹೊಸ ಉಂಡೆ ತನ್ನಿ, ಆ ಖರ್ಚು ಸಾರ್ಥಕ. ಐದು ಇಂಚಿನ ಚೌಕಗಳಾದರೆ ಅಗಲಕ್ಕೆ 9, ಉದ್ದಕ್ಕೆ 12, ಒಟ್ಟು 108 ಬೇಕು. ಸಂಜೆ ಟಿವಿ ಮುಂದೆ ಕೂತು ದಿನಕ್ಕೊಂದು ಮಾಡಿದರೆ ಮೂರೂವರೆ ತಿಂಗಳ ಕೆಲಸ. ದೀಪಾವಳಿ ಮುಗಿದ ಮೇಲೆ ಶುರು ಮಾಡಿದರೆ ಆ ವರ್ಷದ ಚಳಿಗೆ ಸಿಗುವುದಿಲ್ಲ. ಯುಗಾದಿಗೆ ಶುರು ಮಾಡಿ.

ಇಷ್ಟೆಲ್ಲ ಆದ ಮೇಲೂ ಬೆರಳುದ್ದದ ಚೂರುಗಳು ಉಳಿಯುತ್ತವೆ. ಒಂದು ಡಬ್ಬಿಗೆ ಹಾಕಿಡಿ. ತುಂಬಿದಾಗ ಎರಡು ಸಣ್ಣ ಚೌಕ ಜೋಡಿಸಿ, ಒಳಗೆ ಗಟ್ಟಿಯಾಗಿ ತುರುಕಿ ಬಾಯಿ ಮುಚ್ಚಿ. ಸೂಜಿ ಚುಚ್ಚಿಡಲು ಪುಟ್ಟ ದಿಂಬು ಆಯಿತು.