ಬಾನೆಟ್ ಕೆಳಗಿನ 20 ಮಿಲಿಮೀಟರ್

ಈಗಿನ ಕಾರುಗಳ ಮೂತಿ ಯಾಕಿಷ್ಟು ದಪ್ಪ, ಹಳೇ ಕಾರುಗಳ ಹಾಗೆ ತಗ್ಗಾಗಿ, ಚೂಪಾಗಿ ಯಾಕೆ ಮಾಡಲ್ಲ ಅಂತ ಯಾರಾದರೂ ಕೇಳಿದರೆ ನನಗೆ ಸ್ವಲ್ಪ ಮುಜುಗರ. ಆ ದಪ್ಪದಲ್ಲಿ ನನ್ನ ಕೈಯೂ ಇದೆ. ನಾನು ಮಾಡಿದ್ದು ಬಾನೆಟ್ ಡಿಸೈನ್ ಕೆಲಸ.

ಒಂದು ಸಣ್ಣ ಕಾರಿನ ಕಥೆ ಹೇಳುತ್ತೇನೆ. ಸ್ಟೈಲಿಂಗ್‌ನವರು ಕ್ಲೇ ಮಾಡೆಲ್ ತೋರಿಸಿದರು. ಚೆನ್ನಾಗಿತ್ತು, ಸುಮ್ನೆ ಹೇಳುತ್ತಿಲ್ಲ. ಆ ಮೈಯನ್ನು ಕಂಪ್ಯೂಟರ್‌ನಲ್ಲಿ ಎಂಜಿನ್ ಮೇಲೆ ಕೂರಿಸಿ ಅಡ್ಡಡ್ಡ ಸೀಳಿ ನೋಡಿದೆ. ಬ್ಯಾಟರಿ ಟರ್ಮಿನಲ್‌ಗೂ ಬಾನೆಟ್‌ಗೂ ನಡುವೆ ಇದ್ದದ್ದು 52 ಮಿಲಿಮೀಟರ್. ಜಗಳ ಶುರುವಾಗಿದ್ದೇ ಅಲ್ಲಿಂದ.

ಪಾದಚಾರಿಗಳ ರಕ್ಷಣೆಗೆ ವಿಶ್ವಸಂಸ್ಥೆಯ 127ನೇ ನಿಯಮ ಇದೆ. ಮನುಷ್ಯನ ತಲೆಯ ಬದಲಿಗೆ ತಲೆಯಾಕಾರದ ಒಂದು ಗೋಳವನ್ನು ಗಂಟೆಗೆ 35 ಕಿ.ಮೀ. ವೇಗದಲ್ಲಿ ಬಾನೆಟ್ ಮೇಲೆ ಹೊಡೆಯುತ್ತಾರೆ. ದೊಡ್ಡವರ ತಲೆಗೆ 4.5 ಕೆ.ಜಿ., ಮಕ್ಕಳದ್ದಕ್ಕೆ 3.5. ಪೆಟ್ಟು ಎಷ್ಟು ಜೋರು ಅನ್ನೋದಕ್ಕೆ ಎಚ್‌ಐಸಿ ಅಂತ ಒಂದು ಅಂಕ. ಪರೀಕ್ಷೆಯ ಜಾಗದ ಮೂರರಲ್ಲಿ ಎರಡು ಪಾಲಿನಲ್ಲಿ ಅದು 1000 ದಾಟಬಾರದು. ಉಳಿದ ಪಾಲಿಗೆ 1700ರವರೆಗೆ ರಿಯಾಯಿತಿ. ಆ ರಿಯಾಯಿತಿಯನ್ನು ನಾವು ಜಿಪುಣರ ಹಾಗೆ ಖರ್ಚು ಮಾಡುತ್ತೇವೆ: ಹಿಂಜ್ ಹತ್ತಿರ ಒಂದಿಷ್ಟು, ಫೆಂಡರ್ ಅಂಚಿಗೆ ಒಂದಿಷ್ಟು.

ತಲೆ 50 ಮಿಲಿಮೀಟರ್ ಒಳಗೆ ಒಂದೇ ಸಮನೆ ನಿಧಾನವಾಗಿ ನಿಂತರೆ ಅಂಕ ಸುಮಾರು 940 ಬರುತ್ತದೆ. ಕಾಗದದ ಮೇಲೆ ಪಾಸು. ಆದರೆ ತಗಡು ಒಂದೇ ಸಮನೆ ಬಗ್ಗುತ್ತದೆಯೇ? ಮೊದಲು ಎದುರು ನಿಲ್ಲುತ್ತದೆ, ಆಮೇಲೆ ಸೋಲುತ್ತದೆ, ಕೊನೆಗೆ ಕೆಳಗಿನ ಗಟ್ಟಿ ವಸ್ತುವಿಗೆ ಬಡಿಯುತ್ತದೆ. ಆ ಕೊನೆಯ ಬಡಿತವೇ ಅಂಕವನ್ನು ಎಲ್ಲಿಗೋ ಒಯ್ಯುವುದು. ಅದಕ್ಕೇ ನಾನು 70 ಮಿಲಿಮೀಟರ್‌ಗಿಂತ ಜಾಸ್ತಿ ಕೇಳಿದ್ದು.

ದಾರಿಗಳು ಮೂರಿದ್ದವು. ಡಿಕ್ಕಿಯಾದ ಕೂಡಲೇ ತಾನೇ ಮೇಲೇಳುವ ಬಾನೆಟ್ ಹಾಕುವುದು ಒಂದು. ಅದಕ್ಕೆ ಬಂಪರ್‌ನಲ್ಲಿ ಸೆನ್ಸರ್, ಒಂದು ಕಂಟ್ರೋಲ್ ಯೂನಿಟ್, ಹಿಂಜ್ ಹತ್ತಿರ ಸಿಡಿಮದ್ದಿನಿಂದ ಏಳುವ ಎರಡು ಪಿಸ್ಟನ್ ಬೇಕು. ಸ್ಟೈಲಿಂಗ್‌ನವರಿಗೆ ಇದೇ ಇಷ್ಟ. ಖರ್ಚಿನ ಲೆಕ್ಕ ನೋಡುವ ಕಾಸ್ಟಿಂಗ್‌ನವರು ಬೆಲೆಯನ್ನು ಒಂದು ಕಾರಿನ ಲೆಕ್ಕದಲ್ಲಿ ನೋಡುವುದೇ ಇಲ್ಲ, ಕಾರುಗಳ ಸಂಖ್ಯೆಯಿಂದ ಗುಣಿಸಿಯೇ ಮಾತಾಡುತ್ತಾರೆ. ಐದು ನಿಮಿಷದಲ್ಲಿ ಆ ದಾರಿ ಮುಚ್ಚಿತು. ಬ್ಯಾಟರಿಯನ್ನು ಕೆಳಗಿಳಿಸೋಣ ಅಂದರೆ ಗೇರ್‌ಬಾಕ್ಸ್ ಅಡ್ಡ. ಅದು ಬೇರೆ ಮಾಡೆಲ್‌ನಿಂದ ಎರವಲು ತಂದದ್ದು, ಮುಟ್ಟುವ ಹಾಗಿಲ್ಲ. ಉಳಿದದ್ದು ಒಂದೇ: ಬಾನೆಟ್ಟನ್ನೇ 20 ಮಿಲಿಮೀಟರ್ ಎತ್ತುವುದು. ತಗಡಿಗೆ ಎತ್ತರ ಅಂದರೆ ಹೆಚ್ಚುಕಡಿಮೆ ಪುಕ್ಕಟೆ, ಅಲ್ವಾ?

ಪುಕ್ಕಟೆ ಅಂದುಕೊಂಡಿದ್ದೆ. ಬಾನೆಟ್ ಎದ್ದರೆ ಡ್ರೈವರ್‌ಗೆ ಮುಂದಿನ ರಸ್ತೆ ಕಾಣದು, ಸೀಟು ಎತ್ತಬೇಕು. ಸೀಟು ಎದ್ದರೆ ತಲೆ ಮೇಲಿನ ಜಾಗಕ್ಕೆ ರೂಫ್ ಏಳಬೇಕು. ಕಿಟಕಿಯ ಕೆಳಗಿನ ಗೆರೆಯೂ ಮೇಲೆ ಹೋಯಿತು. ಆಗ ಚಕ್ರಗಳು ಆಟಿಕೆಯ ಹಾಗೆ ಕಾಣತೊಡಗಿ ಅವೂ ಒಂದು ಸೈಜು ದೊಡ್ಡದಾದವು. ನನ್ನ 20 ಮಿಲಿಮೀಟರ್ ಇಡೀ ಕಾರನ್ನೇ ಉಬ್ಬಿಸಿತ್ತು.

ಎ ಪಿಲ್ಲರ್, ಅಂದರೆ ಮುಂದಿನ ಗಾಜಿನ ಪಕ್ಕದ ಕಂಬ, ನನ್ನ ವಿಭಾಗವಲ್ಲ, ಆದರೆ ಅಲ್ಲಿನ ಪಾಡೂ ಇದೇ. ರೂಫ್ ಕುಸಿಯದಂತೆ ಕಂಬ ಗಟ್ಟಿ ಇರಬೇಕು, ಡ್ರೈವರ್‌ನ ನೋಟಕ್ಕೆ 6 ಡಿಗ್ರಿಗಿಂತ ಹೆಚ್ಚು ಅಡ್ಡ ಬರಬಾರದು. ತೆಳುವಾಗಿದ್ದೂ ಗಟ್ಟಿ ಇರಲು 900 ಡಿಗ್ರಿಗೂ ಮೇಲೆ ಕಾಯಿಸಿ ಅಚ್ಚಿನ (ಡೈ) ಒಳಗೇ ತಣಿಸಿದ ಬೋರಾನ್ ಉಕ್ಕು ಹಾಕುತ್ತಾರೆ. ಅದು ಎಷ್ಟು ಗಡುಸು ಅಂದರೆ ಅಂಚು ಕತ್ತರಿಸಲು ಸಾಮಾನ್ಯವಾಗಿ ಲೇಸರ್ ಬೇಕು. ಲೇಸರ್ ನಿಧಾನ, ನಿಧಾನ ಅಂದರೆ ದುಡ್ಡು.

ನಾನೂ ಒಂದು ಕಡೆ ಎಡವಿದೆ. ಸಿಮ್ಯುಲೇಷನ್‌ನಲ್ಲಿ ಎಲ್ಲ ಪಾಸಾಗಿತ್ತು. ನಿಜವಾದ ಪರೀಕ್ಷೆಯಲ್ಲಿ ಬ್ಯಾಟರಿಯ ಮೇಲಿನ ಒಂದು ಬಿಂದು ಫೇಲು. ಬಾನೆಟ್ ಎತ್ತಿ ನೋಡಿದರೆ, ಟರ್ಮಿನಲ್ ಕ್ಲಾಂಪಿನ ಬೋಲ್ಟ್ ನೆಟ್ಟಗೆ ನಿಂತಿತ್ತು. ಒಳತಗಡಿನಲ್ಲಿ ಅದರದ್ದೇ ಗುರುತು, ಬೆರಳಿಟ್ಟರೆ ಕೂರುವಷ್ಟು ಗುಳಿ. ನನ್ನ ಮಾಡೆಲ್‌ನಲ್ಲಿ ಕ್ಲಾಂಪು ಮಲಗಿತ್ತು. ಜೋಡಿಸುವವರಿಗೆ ಸ್ಪ್ಯಾನರ್ ಹಿಡಿಯಲು ಸುಲಭವಾಗಲಿ ಅಂತ ಯಾವಾಗಲೋ ತಿರುಗಿಸಿದ್ದರು. ನಾನು ಹೊಸ ಡ್ರಾಯಿಂಗ್ ತೆಗೆದು ನೋಡಿರಲಿಲ್ಲ.

ಕ್ಲಾಂಪ್ ಮತ್ತೆ ಮಲಗಿತು, ಪಾಸಾಯಿತು. ಅಷ್ಟರಲ್ಲಿ ಸ್ಟೈಲಿಂಗ್‌ನವರು ಆ ಎತ್ತರ ಕಣ್ಣಿಗೆ ಹೊಡೆಯದಿರಲಿ ಅಂತ ಬಾನೆಟ್ ಮೇಲೆ ಎರಡು ಚೂಪು ಗೆರೆ ಎಳೆದು ತಂದರು. ಗೆರೆ ಮೂಡಿದ ಕಡೆ ತಗಡು ಇನ್ನೂ ಬಿಗಿಯಾಗುತ್ತದೆ. ನಾನು ಮತ್ತೆ ಸಿಮ್ಯುಲೇಷನ್‌ಗೆ ಕೂತೆ.